ಆಸ್ಪತ್ರೆಯ ಅಂಗಳದಿಂದ ಒಂದು ರೇಡಿಯೊ

'ಅವನಿಗೆ ಸ್ವಲ್ಪ ಉಂಟು.'

ನಮ್ಮ ಕಡೆಯ ಬ್ಯಾರಿ ಮನೆಗಳಲ್ಲಿ ಇಷ್ಟು ಹೇಳಿದರೆ ಸಾಕು. ಎಂತ ಉಂಟು, ಎಷ್ಟು ಉಂಟು, ಯಾವಾಗಿನಿಂದ ಉಂಟು ಅಂತ ಮತ್ತೆ ಯಾರೂ ಕೇಳುವುದಿಲ್ಲ. ಶುಗರ್ ಇದ್ದವರು ಮದುವೆ ಊಟದ ಮೇಜಿನಲ್ಲೇ ತಮ್ಮ ಶುಗರ್ ಎಷ್ಟು ಅಂತ ಹೇಳುತ್ತಾರೆ. ಬೈಪಾಸ್ ಆದವರು ಅಂಗಿಯ ಗುಂಡಿ ತೆಗೆದು ಎದೆಯ ಮೇಲಿನ ಹೊಲಿಗೆಯ ಗುರುತು ತೋರಿಸುತ್ತಾರೆ. ಮನಸ್ಸಿನ ಕಾಯಿಲೆಗೆ ಮಾತ್ರ ಹೆಸರೇ ಇಲ್ಲ. ಅದು 'ಸ್ವಲ್ಪ'. ಕೆಲವು ಮನೆಗಳಲ್ಲಿ 'ಟೆನ್ಶನ್'. ಕೊನೆಗೆ ಕೈಮೀರಿದಾಗ ತುಳುವಿನಿಂದ ಸಾಲ ತಂದ 'ಮರ್ಲ್'.

ಹೆಸರಿಲ್ಲದ ಕಾಯಿಲೆಗೆ ಮದ್ದು ಹುಡುಕುವುದೂ ಕದ್ದುಮುಚ್ಚಿಯೇ. ಪುತ್ತೂರಿನವರು ಮಂಗಳೂರಿಗೆ ಹೋಗುತ್ತಾರೆ, ಮಂಗಳೂರಿನವರು ಮಣಿಪಾಲಕ್ಕೆ. ಅಲ್ಲಿ ದೊಡ್ಡ ಡಾಕ್ಟರ್ ಇದ್ದಾರೆ ಅಂತಲ್ಲ, ಅಲ್ಲಿ ಪರಿಚಯದವರು ಸಿಗುವುದಿಲ್ಲ ಅಂತ. ಮಾತ್ರೆಗಳನ್ನು ಪಟ್ಟಿಯಿಂದ ಬಿಡಿಸಿ ವಿಟಮಿನ್ ಡಬ್ಬಿಗೆ ಹಾಕಿಡುವ ಮನೆಗಳನ್ನು ನಾನು ನೋಡಿದ್ದೇನೆ. ಮಗಳ ಮದುವೆ ಮಾತುಕತೆ ಶುರುವಾದ ಕೂಡಲೇ ಮಗನ ಮಾತ್ರೆ ನಿಲ್ಲಿಸಿದ ಮನೆಯನ್ನೂ ನೋಡಿದ್ದೇನೆ. ಹುಡುಗಿಯ ಅಣ್ಣ ಮದ್ದು ತೆಗೆದುಕೊಳ್ಳುತ್ತಾನೆ ಅಂತ ಗೊತ್ತಾದರೆ ಸಂಬಂಧ ಮುರಿಯುತ್ತದೆ ಎಂಬ ಹೆದರಿಕೆ. ಮದ್ದು ನಿಲ್ಲಿಸಿದ್ದರಿಂದ ಆ ಹುಡುಗನಿಗೆ ಏನಾಯಿತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಯಾವುದಾದರೂ ಒಂದು ಮಾನಸಿಕ ತೊಂದರೆ ಉಂಟು. ಅಮಲು ಪದಾರ್ಥಗಳ ಚಟವೂ ಇದರಲ್ಲಿ ಸೇರಿದೆ. ಚಿಕಿತ್ಸೆ ಸಿಗದೆ ಉಳಿದವರ ಪ್ರಮಾಣ ಒಂದೊಂದು ಕಾಯಿಲೆಗೆ ಒಂದೊಂದು ರೀತಿ, ನೂರಕ್ಕೆ 70ರಿಂದ 92ರವರೆಗೆ. ಇದೇ ಸರಾಸರಿ ಹಿಡಿದರೆ, ಜುಮಾಕ್ಕೆ ಮುನ್ನೂರು ಮಂದಿ ಸೇರುವ ಮಸೀದಿಯ ಸಾಲುಗಳಲ್ಲಿ ಸುಮಾರು ಮೂವತ್ತು ಮಂದಿ ಇಂಥವರೇ ಆದರು. ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತೇವೆ. ಪಕ್ಕದವನ ರಾತ್ರಿ ಹೇಗೆ ಕಳೆಯಿತು ಅಂತ ಗೊತ್ತಿರುವುದಿಲ್ಲ.

ಡಾಕ್ಟರ್ ಹತ್ತಿರ ಹೋಗುವ ಮೊದಲು ನಮ್ಮಲ್ಲಿ ಹೆಚ್ಚಿನವರು ಬರುವುದು ಉಸ್ತಾದರ ಹತ್ತಿರ. ಮದ್ರಸದಲ್ಲಿ ಕಲಿಸುವ ಕಾರಣ ನನ್ನ ಹತ್ತಿರವೂ ಬರುತ್ತಾರೆ. 'ಒಮ್ಮೆ ಊದಿ ಕೊಡಿ ಉಸ್ತಾದೇ, ರಾತ್ರಿ ನಿದ್ದೆ ಇಲ್ಲ, ಒಬ್ಬನೇ ಮಾತಾಡ್ತಾನೆ' ಅಂತ ಉಮ್ಮಂದಿರು ನೀರಿನ ಬಾಟಲಿ ಹಿಡಿದುಕೊಂಡು ಬಾಗಿಲ ಬಳಿ ನಿಲ್ಲುತ್ತಾರೆ. ಕುರ್‌ಆನ್ ಓದಿ ಊದುವುದು ನಮ್ಮ ದೀನಿನಲ್ಲಿ ಇರುವಂಥದ್ದೇ, ಅದನ್ನು ಅಲ್ಲಗಳೆಯುವವನು ನಾನಲ್ಲ. ಜಿನ್ನ್ ಎಂಬ ಸೃಷ್ಟಿ ಇದೆ ಎಂಬುದೂ ನಮ್ಮ ವಿಶ್ವಾಸ. ಆದರೆ ಜಿನ್ನ್ ಇದೆ ಎಂದು ನಂಬುವುದು ಒಂದು, ಇಂಥ ಮನೆಯ ಇಂಥ ಹುಡುಗನ ಮೈಮೇಲೆ ಜಿನ್ನ್ ಬಂದಿದೆ ಅಂತ ತೀರ್ಪು ಕೊಡುವುದು ಇನ್ನೊಂದು. ಎರಡನೆಯದಕ್ಕೆ ನಮ್ಮಲ್ಲಿ ಯಾರ ಹತ್ತಿರವೂ ಸನದು ಇಲ್ಲ. ಚಿಕಿತ್ಸೆ ಮಾಡಿಸಿ ಎಂದು ಪ್ರವಾದಿ (ಸ.ಅ) ಅವರು ಸಹಾಬಿಗಳಿಗೆ ಹೇಳಿದ್ದು ಹದೀಸ್ ಕಿತಾಬುಗಳಲ್ಲಿ ಇದೆ. ಅಲ್ಲಿ ದೇಹದ ಕಾಯಿಲೆಗೆ ಮಾತ್ರ ಎಂಬ ಷರತ್ತು ಇಲ್ಲ.

ಅರಬಿಯಲ್ಲಿ ಹುಚ್ಚನಿಗೆ 'ಮಜ್ನೂನ್' ಅನ್ನುತ್ತಾರೆ. ಜಿನ್ನ್ ಎಂಬ ಪದದ ಮೂಲದಿಂದಲೇ ಬಂದ ಪದ, ಜಿನ್ನ್ ತಾಗಿದವನು ಎಂಬ ಅರ್ಥ. ಮಕ್ಕಾದ ಮುಶ್ರಿಕರು ಈ ಪದವನ್ನು ಎಸೆದದ್ದು ಯಾರ ಮೇಲೆ ಅಂತ ನಮ್ಮ ಮದ್ರಸದ ಐದನೇ ಕ್ಲಾಸಿನ ಮಗುವಿಗೂ ಗೊತ್ತು. ಸೂರಾ ಖಲಮಿನ ಆರಂಭದಲ್ಲೇ ಅಲ್ಲಾಹು ಅದನ್ನು ನಿರಾಕರಿಸುತ್ತಾನೆ. ಒಬ್ಬರ ಮಾತು ಕೇಳಬಾರದು ಅಂತ ತೀರ್ಮಾನಿಸಿದವರಿಗೆ ಅವರನ್ನು ಹುಚ್ಚ ಎಂದು ಕರೆಯುವುದಕ್ಕಿಂತ ಸುಲಭದ ದಾರಿ ಬೇರೆ ಇಲ್ಲ. ಆಗ ಅವರು ಹೇಳಿದ್ದರಲ್ಲಿ ಸರಿ ಎಷ್ಟು, ತಪ್ಪು ಎಷ್ಟು ಅಂತ ನೋಡುವ ಕೆಲಸವೇ ಉಳಿಯುವುದಿಲ್ಲ.

ಫಿಖ್‌ಹಿನಲ್ಲಿ ಮೂವರಿಂದ ಖಲಂ ಎತ್ತಲಾಗಿದೆ ಅಂತ ಕಲಿಸುತ್ತೇವೆ. ನಿದ್ದೆಯಲ್ಲಿರುವವನು ಏಳುವ ತನಕ, ಮಗು ಪ್ರಾಯಕ್ಕೆ ಬರುವ ತನಕ, ಬುದ್ಧಿ ತಪ್ಪಿದವನಿಗೆ ಬುದ್ಧಿ ಮರಳುವ ತನಕ. ಅಂದರೆ ಆ ಹೊತ್ತಿನ ಪಾಪ ಅವರ ಲೆಕ್ಕಕ್ಕೆ ಬರೆಯಲ್ಪಡುವುದಿಲ್ಲ. ಇದು ದೊಡ್ಡ ರಿಯಾಯಿತಿ, ದೊಡ್ಡ ಕರುಣೆ. ಆದರೆ ನಾವು ಇದನ್ನು ಹೇಗೆ ಅರ್ಥ ಮಾಡಿಕೊಂಡಿದ್ದೇವೆ ನೋಡಿ. ಅವನ ಪಾಪ ಬರೆಯುವ ಖಲಂ ಎತ್ತಿದ್ದಕ್ಕೆ ಅವನ ಮಾತನ್ನೂ ಎತ್ತಿ ಪಕ್ಕಕ್ಕಿಟ್ಟಿದ್ದೇವೆ. ಮನೆಯ ಜಾಗ ಮಾರುವಾಗ ಅವನನ್ನು ಕೇಳುವುದಿಲ್ಲ, ಅದಕ್ಕೆ ಕಾನೂನಿನ ಕಾರಣ ಇರಲೂಬಹುದು. ಆದರೆ ಮಧ್ಯಾಹ್ನ ಎಂತ ಪದಾರ್ಥ ಮಾಡುವ ಅಂತಲೂ ಅವನನ್ನು ಕೇಳುವುದಿಲ್ಲ. ಆ ಕಾಯಿಲೆ ಒಳಗಿನಿಂದ ಹೇಗಿರುತ್ತದೆ ಅಂತಲೂ ಕೇಳುವುದಿಲ್ಲ. ಅದನ್ನು ಹೇಳಬಲ್ಲವನು ಮನೆಯಲ್ಲಿ ಅವನೊಬ್ಬನೇ. ಗುಣವಾಗಿ ಹತ್ತು ವರ್ಷ ಕಳೆದರೂ, ಅಂಗಡಿ ನಡೆಸುತ್ತಿದ್ದರೂ, ಸ್ವಲ್ಪ ಜೋರಾಗಿ ಮಾತಾಡಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಶರೀಅತ್ತಿನಲ್ಲಿ ಬುದ್ಧಿ ಮರಳಿದ ಕೂಡಲೇ ಖಲಂ ಮತ್ತೆ ಓಡಲು ಶುರುವಾಗುತ್ತದೆ. ಜಮಾಅತಿನ ಲೆಕ್ಕದಲ್ಲಿ ಮಾತ್ರ ಅವನು ಸಾಯುವ ತನಕ 'ಸ್ವಲ್ಪ ಇರುವವನು'.

ಇಂಥವರ ಬಾಯಿಂದಲೇ ಇಂಥವರ ಮಾತು ಊರಿಗೆ ಕೇಳಿಸಿದರೆ ಏನಾಗುತ್ತದೆ? ಭೂಮಿಯ ಇನ್ನೊಂದು ತುದಿಯಲ್ಲಿ ಅದನ್ನು ಮಾಡಿ ನೋಡಿದವರು ಇದ್ದಾರೆ.

ದಕ್ಷಿಣ ಅಮೆರಿಕದ ಅರ್ಜೆಂಟೀನ ಅಂದರೆ ನಮ್ಮ ಹುಡುಗರಿಗೆ ಮರಡೋನಾ, ಮೆಸ್ಸಿ. ವಿಶ್ವಕಪ್ ಬಂದರೆ ಉಳ್ಳಾಲದಿಂದ ಕಾಸರಗೋಡಿನ ತನಕ ಅವರ ಕಟೌಟು. ಆ ದೇಶದ ರಾಜಧಾನಿ ಬ್ಯೂನಸ್ ಐರಿಸ್‌ನಲ್ಲಿ ಬೋರ್ಡಾ ಎಂಬ ಹಳೆಯ, ದೊಡ್ಡ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. 1991ರಲ್ಲಿ ಆಲ್ಫ್ರೆಡೊ ಒಲಿವೆರಾ ಎಂಬ ಮನಃಶಾಸ್ತ್ರದ ವಿದ್ಯಾರ್ಥಿ ಅಲ್ಲಿಗೆ ಹೋಗುತ್ತಿದ್ದರು. ಒಂದು ಸಣ್ಣ ಸಮುದಾಯ ರೇಡಿಯೊದವರು ಆಸ್ಪತ್ರೆಯ ಬಗ್ಗೆ ಮಾತಾಡಲು ಅವರನ್ನು ಕರೆದರು. ಅವರ ಬಗ್ಗೆ ನಾನು ಯಾಕೆ ಮಾತಾಡಬೇಕು, ಅವರೇ ಮಾತಾಡಲಿ ಅಂತ ಒಲಿವೆರಾ ಟೇಪ್ ರೆಕಾರ್ಡರ್ ಹಿಡಿದುಕೊಂಡು ರೋಗಿಗಳ ಹತ್ತಿರ ಕುಳಿತರು. ಅವರ ಮಾತು ರೇಡಿಯೊದಲ್ಲಿ ಬಂತು. ಕೇಳಿದವರು ರೇಡಿಯೊಗೆ ಫೋನ್ ಮಾಡಿ ಪ್ರಶ್ನೆ ಕೇಳಿದರು, ಅಭಿಪ್ರಾಯ ಹೇಳಿದರು. ಅದನ್ನೂ ಟೇಪ್ ಮಾಡಿ ಆಸ್ಪತ್ರೆಗೆ ತಂದು ರೋಗಿಗಳಿಗೆ ಕೇಳಿಸಿದರು. ಅವರು ಅದಕ್ಕೆ ಉತ್ತರ ಕೊಟ್ಟರು. ಹೀಗೆ ಗೋಡೆಯ ಒಳಗಿನವರಿಗೂ ಹೊರಗಿನವರಿಗೂ ನಡುವೆ ಮಾತು ಹೋಗಿ ಬರಲು ಶುರುವಾಯಿತು.

ಅದು ಬೆಳೆದು 'ರೇಡಿಯೊ ಲಾ ಕೊಲಿಫಾತಾ' ಆಯಿತು. ಮಾನಸಿಕ ಆಸ್ಪತ್ರೆಯ ಒಳಗಿನಿಂದ ರೋಗಿಗಳೇ ನಡೆಸಿದ ಜಗತ್ತಿನ ಮೊದಲ ರೇಡಿಯೊ ಎಂದು ಅದನ್ನು ಗುರುತಿಸುತ್ತಾರೆ. ಶನಿವಾರ ಮಧ್ಯಾಹ್ನದ ಮೇಲೆ ಆಸ್ಪತ್ರೆಯ ಅಂಗಳದಲ್ಲಿ ಮೈಕ್ ಇಟ್ಟು ನೇರ ಪ್ರಸಾರ. ಒಳಗೆ ದಾಖಲಾದವರು, ಬಿಡುಗಡೆಯಾಗಿ ಮನೆಗೆ ಹೋದವರು, ನೋಡಲು ಬಂದ ಊರಿನವರು ಎಲ್ಲ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬ ಫುಟ್ಬಾಲ್ ಸುದ್ದಿ ಹೇಳುತ್ತಾನೆ, ಇನ್ನೊಬ್ಬ ತಾನು ಬರೆದ ಕವಿತೆ ಓದುತ್ತಾನೆ, ಮತ್ತೊಬ್ಬ ಸರ್ಕಾರವನ್ನು ಬೈಯುತ್ತಾನೆ. ಹಾಡು, ತಮಾಷೆ, ತತ್ವ, ಕೆಲವೊಮ್ಮೆ ತಲೆಬುಡ ಇಲ್ಲದ ಮಾತು. ಇದರ ಸಣ್ಣ ತುಣುಕುಗಳನ್ನು ದೇಶದ ಬೇರೆ ಬೇರೆ ರೇಡಿಯೊಗಳು ಪ್ರಸಾರ ಮಾಡಿದವು. ಮುಂದೆ ಮಾನು ಚಾವೊ ಎಂಬ ಹೆಸರಾಂತ ಗಾಯಕ ಇವರೊಂದಿಗೆ ಸೇರಿ ಹಾಡಿನ ಆಲ್ಬಂ ಮಾಡಿದ. ಉರುಗ್ವೆಯ ಮೊಂಟೆವಿಡಿಯೊದಲ್ಲಿ, ಸ್ಪೇನಿನ ಬಾರ್ಸಿಲೋನಾದಲ್ಲಿ ಇದೇ ಬಗೆಯ ರೇಡಿಯೊಗಳು ಹುಟ್ಟಿಕೊಂಡವು.

ಹೆಸರಿನ ವಿಷಯ ಕೇಳಿ. 'ಕೊಲಿಫಾತೊ' ಅಂದರೆ ಅಲ್ಲಿನ ಆಡುಮಾತಿನಲ್ಲಿ ಹುಚ್ಚ. ಆದರೆ ಬೈಗುಳ ಅಲ್ಲ, ಪ್ರೀತಿಯ ಮಾತು. ನಮ್ಮಲ್ಲಿ ಅಜ್ಜಿಯಂದಿರು ತುಂಟ ಮೊಮ್ಮಗನ ತಲೆ ಸವರಿ 'ಮರ್ಲ' ಅನ್ನುವುದಿಲ್ಲವಾ, ಹಾಗೆ. ಊರು ತಮಗೆ ಹಚ್ಚಿದ ಹೆಸರನ್ನು ಅವರು ತಾವೇ ಎತ್ತಿಕೊಂಡು ಬೋರ್ಡಿಗೆ ಬರೆದರು. ಇನ್ನು ಅದನ್ನು ಯಾರು ಹೇಳಿ ನೋಯಿಸಲಿಕ್ಕೆ ಸಾಧ್ಯ?

ಇದರಲ್ಲಿ ನನಗೆ ಮುಖ್ಯವಾಗಿ ಕಂಡದ್ದು ರೇಡಿಯೊ ಅಲ್ಲ. ಅಲ್ಲಿ ರೋಗಿ 'ಪಾಪ' ಅನ್ನಿಸಿಕೊಳ್ಳುವವನಾಗಿ ಬರುವುದಿಲ್ಲ, ಶನಿವಾರ ನಾಲ್ಕು ನಿಮಿಷದ ಕೆಲಸ ಇರುವವನಾಗಿ ಬರುತ್ತಾನೆ. ಕವಿತೆ ತಯಾರು ಮಾಡಬೇಕು, ಸುದ್ದಿ ಓದಿಕೊಳ್ಳಬೇಕು, ತನ್ನ ಸರದಿ ಬರುವ ತನಕ ಕಾಯಬೇಕು, ಪಕ್ಕದವನು ಮಾತಾಡುವಾಗ ಸುಮ್ಮನಿರಬೇಕು. ಇದನ್ನೆಲ್ಲ ಮಾಡಿದ ಮನುಷ್ಯ ವಾರ್ಡಿಗೆ ಮರಳುವಾಗ ಸ್ವಲ್ಪವಾದರೂ ಬೇರೆ ಮನುಷ್ಯನಾಗಿರುತ್ತಾನೆ. ಮನೆಯಲ್ಲಿ ಕುಳಿತು ರೇಡಿಯೊ ಕೇಳಿದವನೂ ಹಾಗೆಯೇ. ಹುಚ್ಚರು ಅಂದರೆ ಕಲ್ಲು ಬಿಸಾಡುವವರು ಅಂದುಕೊಂಡವನಿಗೆ ಅವರು ಫುಟ್ಬಾಲ್ ಬಗ್ಗೆ ತನ್ನಷ್ಟೇ ತಲೆಕೆಡಿಸಿಕೊಂಡವರು ಅಂತ ಗೊತ್ತಾಗುತ್ತದೆ. ವೇದಿಕೆಯ ಮೇಲೆ ನಿಂತು 'ಮಾನಸಿಕ ರೋಗಿಗಳನ್ನು ಕೀಳಾಗಿ ಕಾಣಬೇಡಿ' ಅಂತ ನಾವು ಹತ್ತು ವರ್ಷ ಭಾಷಣ ಮಾಡಿದರೂ ಈ ಕೆಲಸ ಆಗುವುದಿಲ್ಲ.

ಯುರೋಪಿನ ನೆದರ್ಲ್ಯಾಂಡಿನಲ್ಲಿ ಇದಕ್ಕೂ ಸ್ವಲ್ಪ ಮೊದಲು ಇನ್ನೊಂದು ಸಂಗತಿ ನಡೆಯಿತು. ಪಾಟ್ಸಿ ಹಾಹೆ ಎಂಬ ಮಹಿಳೆಗೆ ಕಿವಿಯಲ್ಲಿ ಧ್ವನಿಗಳು ಕೇಳುತ್ತಿದ್ದವು. ಮಾತ್ರೆ ತೆಗೆದುಕೊಂಡರೂ ಅವು ನಿಲ್ಲಲಿಲ್ಲ. ಧ್ವನಿ ಕೇಳುವುದು ಕಾಯಿಲೆಯ ಲಕ್ಷಣ ಅಂತ ಮಾತ್ರ ಹೇಳಿ ಮುಗಿಸಬೇಡಿ, ಅದು ಏನು ಹೇಳುತ್ತದೆ ಅಂತಲೂ ಕೇಳಿ ಎಂದು ಆಕೆ ತನ್ನ ಡಾಕ್ಟರ್ ಮಾರಿಯಸ್ ರೊಮ್ಮೆಯವರ ಹತ್ತಿರ ಹಠ ಹಿಡಿದರು. 1987ರಲ್ಲಿ ಇಬ್ಬರೂ ಟಿವಿ ಕಾರ್ಯಕ್ರಮಕ್ಕೆ ಹೋಗಿ, ಇಂಥ ಧ್ವನಿ ಕೇಳುವವರು ಇದ್ದರೆ ನಮಗೆ ತಿಳಿಸಿ ಅಂದರು. ನೂರಾರು ಮಂದಿ ಸಂಪರ್ಕಿಸಿದರು. ಅವರಲ್ಲಿ ಅನೇಕರು ಡಾಕ್ಟರ್ ಹತ್ತಿರ ಹೋಗಿಯೇ ಇರಲಿಲ್ಲ, ಕೆಲಸ ಮಾಡಿಕೊಂಡು ಸಂಸಾರ ನಡೆಸಿಕೊಂಡು ಇದ್ದವರು. ಎಲ್ಲರನ್ನೂ ಒಟ್ಟು ಸೇರಿಸಿದರು. ಅಲ್ಲಿಂದ ಶುರುವಾದ ಧ್ವನಿ ಕೇಳುವವರ ಗುಂಪುಗಳು ಇಂಗ್ಲೆಂಡಿಗೆ, ಬೇರೆ ದೇಶಗಳಿಗೆ ಹರಡಿದವು. ಈ ಗುಂಪುಗಳಲ್ಲಿ ಒಂದು ರಿವಾಜು ಉಂಟು. ಧ್ವನಿ ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಯಾರ ವಿವರಣೆಯನ್ನೂ ಯಾರೂ ತಳ್ಳಿಹಾಕುವುದಿಲ್ಲ. ಮೆದುಳಿನ ತೊಂದರೆ ಅನ್ನುವವನೂ ಪ್ರೇತ ಅನ್ನುವವನೂ ಒಂದೇ ಸುತ್ತಿನಲ್ಲಿ ಕುಳಿತು, ಧ್ವನಿ ಜೋರಾದಾಗ ತಾವು ಏನು ಮಾಡುತ್ತೇವೆ ಅಂತ ಹೇಳಿಕೊಳ್ಳುತ್ತಾರೆ. ಜಿನ್ನ್ ಹೌದೋ ಅಲ್ಲವೋ ಎಂಬ ಜಗಳದಲ್ಲಿ ನಾವು ಕಳೆಯುವ ಸಮಯ ಅಲ್ಲಿ ಉಳಿಯುತ್ತದೆ.

ಇದನ್ನೆಲ್ಲ ಓದುವಾಗ ನಮ್ಮವರಿಗೆ ಒಂದು ಮಾತು ಬಾಯಿಗೆ ಬಂದೇ ಬರುತ್ತದೆ: ಇದೆಲ್ಲ ನಮ್ಮಲ್ಲಿ ಸಾವಿರ ವರ್ಷದ ಹಿಂದೆಯೇ ಇತ್ತು. ಇತ್ತು, ನಿಜ. ಕ್ರಿ.ಶ. 934ರಲ್ಲಿ ತೀರಿಹೋದ ಅಬೂ ಝೈದ್ ಅಲ್ ಬಲ್ಖಿ, ದೇಹಕ್ಕೆ ಕಾಯಿಲೆ ಬರುವ ಹಾಗೆ ಮನಸ್ಸಿಗೂ ಬರುತ್ತದೆ ಅಂತ ಪುಸ್ತಕವನ್ನೇ ಬರೆದರು. ಕಾರಣ ಗೊತ್ತಿರುವ ದುಃಖ, ಕಾರಣ ಗೊತ್ತಿಲ್ಲದ ದುಃಖ ಅಂತ ಬೇರ್ಪಡಿಸಿದರು. ವಸ್‌ವಾಸ್ ಇರುವವನು ಒಂಟಿಯಾಗಿ ಇರಬಾರದು, ಜನರ ಜೊತೆ ಇರಬೇಕು ಅಂದರು. (ನಮ್ಮ ಮಸೀದಿಗಳಲ್ಲಿ ವುಝೂ ಮಾಡಿದ್ದನ್ನೇ ಏಳೆಂಟು ಸಲ ಮಾಡುತ್ತಾ, ಇಮಾಮರು ರುಕೂಇಗೆ ಹೋದರೂ ತಕ್ಬೀರ್ ಮುಗಿಯದೆ ಒದ್ದಾಡುವವರು ಒಬ್ಬರಾದರೂ ಇರುತ್ತಾರೆ. ಹುಡುಗರು ನಗುತ್ತಾರೆ. ಅದಕ್ಕೆ ಮದ್ದು ಉಂಟು ಅಂತ ಅವರಿಗೆ ಹೇಳಿದವರು ಯಾರು?) ತುರ್ಕಿಯ ಎಡಿರ್ನೆಯಲ್ಲಿ ಸುಲ್ತಾನ್ ಎರಡನೇ ಬಾಯಝೀದ್ 1488ರಲ್ಲಿ ಕಟ್ಟಿಸಿದ ಆಸ್ಪತ್ರೆಯಲ್ಲಿ ಮಾನಸಿಕ ರೋಗಿಗಳಿಗೆ ನೀರಿನ ಕಾರಂಜಿಯ ಸದ್ದು, ಹೂವಿನ ಪರಿಮಳ ಇರುತ್ತಿತ್ತು. ವಾರಕ್ಕೆ ಮೂರು ದಿನ ಸಂಗೀತಗಾರರು ಬಂದು ನುಡಿಸುತ್ತಿದ್ದರು ಅಂತ ಪ್ರವಾಸಿ ಎವ್ಲಿಯಾ ಚೆಲೆಬಿ ಹದಿನೇಳನೇ ಶತಮಾನದಲ್ಲಿ ಬರೆದಿದ್ದಾರೆ. ಸಂಗೀತದ ಮಸ್ಅಲ ಇಲ್ಲಿ ಬೇಡ, ಅದು ಬೇರೆಯೇ ಚರ್ಚೆ. ಆ ಕಟ್ಟಡ ಈಗ ಮ್ಯೂಸಿಯಂ.

ಹೆಮ್ಮೆ ಪಡೋಣ. ಆದರೆ ಎಡಿರ್ನೆಯಲ್ಲಿ ಹಾಡಿದ್ದು ಸಂಗೀತಗಾರರು, ರೋಗಿ ಕೇಳುಗ. ಬ್ಯೂನಸ್ ಐರಿಸ್‌ನಲ್ಲಿ ಹಾಡಿದ್ದೇ ರೋಗಿ. ವ್ಯತ್ಯಾಸ ಅಲ್ಲಿರುವುದು. ಮತ್ತು ಎಡಿರ್ನೆಯ ಕಾರಂಜಿಯ ಬಗ್ಗೆ ಲೇಖನ ಬರೆಯುವ ನಮಗೆ ಏರ್ವಾಡಿಯ ಸಂಕೋಲೆಯ ಬಗ್ಗೆಯೂ ಬರೆಯಬೇಕಾಗುತ್ತದೆ.

ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿ ದರ್ಗಾ ನಮ್ಮವರಿಗೆ ಹೊಸದಲ್ಲ. ನಾಗೂರು, ಮುತ್ತುಪೇಟೆ, ಏರ್ವಾಡಿ ಅಂತ ಬಸ್ಸು ಮಾಡಿಕೊಂಡು ಝಿಯಾರತಿಗೆ ಹೋಗುವವರು ಕರಾವಳಿಯಲ್ಲಿ ಎಷ್ಟೋ ಮಂದಿ. ದರ್ಗಾದ ಸುತ್ತ ಖಾಸಗಿಯವರು ಮಾನಸಿಕ ರೋಗಿಗಳನ್ನು ಇಟ್ಟುಕೊಳ್ಳುವ ಮನೆಗಳನ್ನು ನಡೆಸುತ್ತಿದ್ದರು. 2001ರ ಆಗಸ್ಟ್ 6ರ ಬೆಳಗಿನ ಜಾವ ಅಂಥ ಒಂದು ಮನೆಯ ಚಪ್ಪರಕ್ಕೆ ಬೆಂಕಿ ಬಿತ್ತು. ಕಾಲಿಗೆ ಸಂಕೋಲೆ ಇತ್ತು, ಓಡಲಿಕ್ಕೆ ಆಗಲಿಲ್ಲ. 28 ಮಂದಿ ತೀರಿಹೋದರು. ಬೆಂಕಿ ಬಿದ್ದಾಗ ಕೂಗಿದ್ದಾರು. ಆದರೆ ಅಲ್ಲಿ ದಿನಾ ರಾತ್ರಿ ಯಾರಾದರೂ ಕೂಗುತ್ತಲೇ ಇರುತ್ತಾರೆ ಅಂತ ಅಭ್ಯಾಸವಾದ ಕಿವಿಗಳಿಗೆ ಈ ಕೂಗು ಬೇರೆ ಅಂತ ಹೇಗೆ ಗೊತ್ತಾಗಬೇಕು? ಆಮೇಲೆ ಸರ್ಕಾರ ಆ ಮನೆಗಳನ್ನು ಮುಚ್ಚಿಸಿತು, ವಿಷಯ ಸುಪ್ರೀಂ ಕೋರ್ಟಿನ ತನಕ ಹೋಯಿತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಮಾನಸಿಕ ರೋಗಿಯನ್ನು ಯಾವ ರೀತಿಯಲ್ಲೂ ಸಂಕೋಲೆಯಲ್ಲಿ ಕಟ್ಟಿಹಾಕುವಂತಿಲ್ಲ.

ದರ್ಗಾಗಳನ್ನು ಬೈದು ಮುಗಿಸುವವರ ಸಾಲಿಗೆ ನಾನು ಸೇರುವುದಿಲ್ಲ. ಗುಜರಾತಿನ ಮೆಹ್ಸಾಣಾ ಜಿಲ್ಲೆಯ ಉನಾವಾದಲ್ಲಿ ಮೀರಾ ದಾತಾರ್ ದರ್ಗಾ ಇದೆ. ಅಲ್ಲಿ 2008ರಿಂದ 'ದವಾ ಮತ್ತು ದುವಾ' ಎಂಬ ಕಾರ್ಯಕ್ರಮ ನಡೆಸಿದರು. ದರ್ಗಾದ ಮುಜಾವರರಿಗೆ ಕಾಯಿಲೆಯ ಲಕ್ಷಣ ಗುರುತಿಸಲು ಕಲಿಸಿದರು. ದುವಾ ಮಾಡಿಸಿಕೊಂಡವರನ್ನು ಮುಜಾವರರೇ ಪಕ್ಕದ ಕೋಣೆಯ ಡಾಕ್ಟರ್ ಹತ್ತಿರ ಕಳಿಸುತ್ತಾರೆ. ಮುಜಾವರರು ಹೋಗಿ ಅಂದರೆ ಜನ ಹೋಗುತ್ತಾರೆ. ಇದೇ ಕ್ರಮವನ್ನು ಆಮೇಲೆ ಏರ್ವಾಡಿಯಲ್ಲೂ ತಂದರು. ನೀರಿನ ಬಾಟಲಿ ಹಿಡಿದು ಬಂದ ಉಮ್ಮನಿಗೆ ಊದಿ ಕೊಟ್ಟು, 'ಈ ನೀರಿನ ಜೊತೆ ಡಾಕ್ಟರ್ ಕೊಡುವ ಮಾತ್ರೆಯನ್ನೂ ಕೊಡಿ' ಅಂತ ಹೇಳಲು ನಮ್ಮ ಉಸ್ತಾದರಿಗೆ ಒಂದು ನಿಮಿಷವೂ ಬೇಡ.

ಮಾತ್ರೆ ಸಿಕ್ಕಿತು ಅಂತ ಇಟ್ಟುಕೊಳ್ಳೋಣ. ಆಮೇಲೆ? ಮಾತ್ರೆ ತೆಗೆದುಕೊಂಡು ಅದೇ ಮನೆಯ ಅದೇ ಮೂಲೆಯ ಕೋಣೆಯಲ್ಲಿ ಕುಳಿತರೆ ಆಯಿತಾ? ಇಲ್ಲಿಗೆ ಬರುವಾಗ ನನಗೆ ಬುರ್ದಾ ಮಜ್ಲಿಸ್ ನೆನಪಾಗುತ್ತದೆ. ನಮ್ಮ ಮಸೀದಿಗಳಲ್ಲಿ, ಮನೆಗಳಲ್ಲಿ ವೃತ್ತ ಕಟ್ಟಿ ಕುಳಿತು ಎಲ್ಲರೂ ಒಟ್ಟಿಗೆ ಬುರ್ದಾ ಹೇಳುತ್ತೇವೆ, ದಫ್ ಇದ್ದರೆ ದಫ್. ಅದನ್ನು ಬರೆದ ಇಮಾಂ ಬೂಸೀರಿ ಹದಿಮೂರನೇ ಶತಮಾನದ ಈಜಿಪ್ಟಿನವರು. ಪಾರ್ಶ್ವವಾಯು ಬಡಿದು ಅರ್ಧ ದೇಹ ಬಿದ್ದುಹೋದ ಸಮಯದಲ್ಲಿ ಅವರು ಅದನ್ನು ರಚಿಸಿದರು, ಕನಸಿನಲ್ಲಿ ಪ್ರವಾದಿ (ಸ.ಅ) ಅವರು ತಮ್ಮ ಹೊದಿಕೆ ಹೊದಿಸಿದರು, ಎಚ್ಚರಾದಾಗ ಗುಣವಾಗಿತ್ತು ಅಂತ ಚರಿತ್ರೆ. ಅಂದರೆ ನಾವು ಇಷ್ಟು ಭಕ್ತಿಯಿಂದ ಹೇಳುವುದು ಒಬ್ಬ ರೋಗಿ ತನ್ನ ಹಾಸಿಗೆಯಲ್ಲಿ ಮಲಗಿ ಕಟ್ಟಿದ ಹಾಡು. ವೃತ್ತ ಕಟ್ಟಿ ಕುಳಿತುಕೊಳ್ಳುವುದೂ ನಮಗೆ ಗೊತ್ತು, ಒಬ್ಬ ಹೇಳಿದ ಸಾಲಿಗೆ ಉಳಿದವರು ದನಿ ಸೇರಿಸುವುದೂ ಗೊತ್ತು. ಮೀಲಾದ್ ಬಂದರೆ ಮಾತೇ ಬಾರದ ಮಗುವಿನ ಕೈಗೂ ಮೈಕ್ ಕೊಟ್ಟು ಹಾಡಿಸುತ್ತೇವೆ. ಇದೆಲ್ಲ ಇರುವ ಜನರಿಗೆ ಇನ್ನೊಂದು ವೃತ್ತ ಕಟ್ಟಲು ಕಷ್ಟ ಇರಬಾರದು.

ಮದ್ರಸ ನಡೆಯುವುದು ಬೆಳಿಗ್ಗೆ ಮತ್ತು ಮಗ್ರಿಬ್ ಆದ ಮೇಲೆ. ಹತ್ತು ಗಂಟೆಯಿಂದ ಅಸರ್ ತನಕ ಹಾಲ್ ಖಾಲಿ, ಫ್ಯಾನು, ಬೆಂಚು, ಬೋರ್ಡು ಎಲ್ಲ ಇರುತ್ತದೆ. ವಾರಕ್ಕೆ ಎರಡು ಗಂಟೆ ಅದನ್ನು ಬಿಟ್ಟುಕೊಟ್ಟರೆ ಸಾಕು. ಮಾನಸಿಕ ಕಾಯಿಲೆಯಿಂದ ಬಳಲಿದವರು, ಗುಣವಾದವರು ಸೇರಿ ಕುಳಿತುಕೊಳ್ಳಲಿ. ಒಬ್ಬರು ಬ್ಯಾರಿಯಲ್ಲಿ ಹಾಡು ಕಟ್ಟಲಿ, ಒಬ್ಬರು ಚಿತ್ರ ಬರೆಯಲಿ, ಬರೆಯಲು ಓದಲು ಬಾರದವರು ಹೇಳಿದ್ದನ್ನು ಇನ್ನೊಬ್ಬರು ಬರೆದುಕೊಳ್ಳಲಿ. ಹಾಡು ಚೆನ್ನಾಗಿದೆಯೋ ಇಲ್ಲವೋ ಅಂತ ಬಹುಮಾನ ಕೊಡುವುದು ಬೇಡ, ಅದು ಮೀಲಾದಿಗೆ ಸಾಕು. ಉಸ್ತಾದ್ ಅಲ್ಲಿ ಕುರ್ಚಿ ಹಾಕಿಕೊಂಡು ನಸೀಹತ್ ಶುರುಮಾಡಬಾರದು. ಅವರ ಕೆಲಸ ಬೀಗ ತೆಗೆಯುವುದು, ಚಾ ತರಿಸುವುದು. ಸುತ್ತನ್ನು ನಡೆಸಬೇಕಾದವರು ಆ ದಾರಿಯಲ್ಲಿ ನಡೆದು ಬಂದವರೇ. ಸ್ಥಿತಿ ಬಿಗಡಾಯಿಸಿದವರನ್ನು ಗುರುತಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಲು ತಿಳಿದ ಒಬ್ಬರು ಹತ್ತಿರ ಇರಬೇಕು, ಯಾಕೆಂದರೆ ಹಾಡು ಮಾತ್ರೆಯ ಬದಲಿಗೆ ಅಲ್ಲ.

ಮೊಬೈಲ್ ಮಾತ್ರ ಬಾಗಿಲ ಹೊರಗೆ. ಇದರಲ್ಲಿ ರಾಜಿ ಬೇಡ. ಬ್ಯೂನಸ್ ಐರಿಸ್ ಕೋಟಿ ಜನರ ನಗರ, ಅಲ್ಲಿ ರೇಡಿಯೊದ ಧ್ವನಿ ಯಾರದ್ದು ಅಂತ ಪಕ್ಕದ ಬೀದಿಯವನಿಗೂ ಗೊತ್ತಾಗಲಿಕ್ಕಿಲ್ಲ. ನಮ್ಮದು ಇನ್ನೂರು ಮನೆಗಳ ಜಮಾಅತ್, ಕೆಮ್ಮಿದರೆ ಯಾರು ಅಂತ ಗೊತ್ತಾಗುತ್ತದೆ. ಒಬ್ಬ ಹುಡುಗ ತನ್ನ ಕಷ್ಟ ಹೇಳಿಕೊಂಡ ಅರ್ಧ ನಿಮಿಷದ ವಿಡಿಯೋ ವಾಟ್ಸ್ಆ್ಯಪಿನಲ್ಲಿ ದುಬೈ ತನಕ ಹೋಗಿ ಬಂದರೆ ಆ ಸುತ್ತಿಗೆ ಮತ್ತೆ ಯಾರೂ ಬರುವುದಿಲ್ಲ. ಆದ್ದರಿಂದ ಇಲ್ಲಿ ನೇರ ರೇಡಿಯೊಗಿಂತ ನಾಲ್ಕೈದು ಊರಿನವರು ಸೇರಿ, ಬೇಕಾದವರು ಬೇರೆ ಹೆಸರಿನಲ್ಲಿ ಬರೆದು, ಒಂದು ಸಣ್ಣ ಪುಸ್ತಿಕೆ ತರುವುದು ಮೊದಲಿಗೆ ಸರಿಯಾದೀತು. ಧೈರ್ಯ ಬಂದವರಿಗೆ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಸಮುದಾಯ ರೇಡಿಯೊ ಸಾರಂಗ್ ಉಂಟು, ಅದರಲ್ಲಿ ಬ್ಯಾರಿ ಕಾರ್ಯಕ್ರಮಗಳೂ ಬರುತ್ತವೆ.

ಹೆಂಗಸರ ವಿಷಯ ಬೇರೆಯಾಗಿಯೇ ಹೇಳಬೇಕು. ಗಂಡಸರಿಗೆ ಮಸೀದಿಯ ಜಗಲಿ ಉಂಟು, ಪೇಟೆಯ ಚಾ ಅಂಗಡಿ ಉಂಟು. ಗಂಡ ಗಲ್ಫಿನಲ್ಲಿ, ಹೆರಿಗೆಯಾಗಿ ನಲವತ್ತು ದಿನ ಒಂದೇ ಕೋಣೆಯಲ್ಲಿ ಮಲಗಿ, ಕಾರಣ ಇಲ್ಲದೆ ಅಳುವ ಹುಡುಗಿಗೆ ಎಂತ ಉಂಟು? ಬಾಣಂತಿಯ ಆ ಸ್ಥಿತಿಯೂ ಕಾಯಿಲೆಯೇ, ಅದಕ್ಕೂ ಚಿಕಿತ್ಸೆ ಉಂಟು. ನಾವು 'ದೃಷ್ಟಿ ತಾಗಿದೆ' ಅಂತ ಮುಗಿಸುತ್ತೇವೆ. ಸಾವಿನ ಮನೆಯಲ್ಲಿ ಸೇರಿದ ಹೆಂಗಸರೆಲ್ಲ ಹೋಗಿ, ಮನೆಯವರೂ ತೀರಾ ಹತ್ತಿರದವರೂ ಮಾತ್ರ ಉಳಿದಾಗ, ಆಯಿಶಾ (ರ) ಅವರು ತಲ್‌ಬೀನ ಎಂಬ ಬಾರ್ಲಿಯ ಗಂಜಿ ಮಾಡಿಸಿ ಕೊಡುತ್ತಿದ್ದರು, ಅದು ರೋಗಿಯ ಹೃದಯಕ್ಕೆ ಸಮಾಧಾನ ಕೊಡುತ್ತದೆ ಎಂದು ಪ್ರವಾದಿ (ಸ.ಅ) ಅವರಿಂದ ಕೇಳಿದ್ದರು ಅಂತ ಬುಖಾರಿಯಲ್ಲಿದೆ. ಬಂದವರೆಲ್ಲ ಎದ್ದುಹೋದ ಮೇಲೆ ಉಳಿಯುವ ಆ ಹೊತ್ತನ್ನು ಅವರು ಗಮನಿಸಿದ್ದರು. ಮಕ್ಕಳು ಶಾಲೆಗೆ ಹೋದ ಮೇಲೆ ಹನ್ನೊಂದು ಗಂಟೆಗೆ ಮದ್ರಸದ ಹಾಲ್ ಹೆಂಗಸರಿಗೆ ಬಿಟ್ಟರೆ ಯಾವ ಫಿತ್ನವೂ ಆಗುವುದಿಲ್ಲ. ಕಮಿಟಿಯವರು ಹೂಂ ಅನ್ನಬೇಕು, ಅಷ್ಟೆ.

ಇನ್ನೊಂದು ಮಾತು, ಹೇಳಲು ಕಷ್ಟ. ಆತ್ಮಹತ್ಯೆ ಹರಾಂ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಾಗೆ ತೀರಿಹೋದವನ ಮಯ್ಯಿತ್ ಮನೆಗೆ ಹೋಗಬಾರದು, ನಮಾಝ್ ಇಲ್ಲ ಅಂತೆಲ್ಲ ಹೇಳುವವರು ಇದ್ದಾರೆ. ನಮ್ಮ ಶಾಫಿಈ ಮದ್‌ಹಬಿನಲ್ಲಿ ಅವನಿಗೂ ಗುಸ್ಲ್ ಉಂಟು, ನಮಾಝ್ ಉಂಟು. ಪ್ರಯತ್ನ ಮಾಡಿ ಬದುಕಿ ಉಳಿದವನ ಮುಂದೆ ನರಕದ ವರ್ಣನೆ ಮಾಡುವ ಮೊದಲು, ಅವನು ತೀವ್ರ ಒತ್ತಡದಲ್ಲಿದ್ದ ಎಂದು ಭಾವಿಸಿ ಆರೈಕೆ ಕೊಡಬೇಕು ಅಂತ 2017ರ ಕಾಯ್ದೆಯ 115ನೇ ಸೆಕ್ಷನ್ ಹೇಳುವುದನ್ನು ಓದಿಕೊಳ್ಳಿ. ಮನಸ್ಸಿನಲ್ಲಿ ಅಂಥ ಯೋಚನೆ ಬರುತ್ತದೆ ಅಂತ ಯಾರಾದರೂ ನಿಮ್ಮ ಹತ್ತಿರ ಹೇಳಿದರೆ ಅವರನ್ನು ಒಬ್ಬರೇ ಬಿಡಬೇಡಿ.

ಡಾಕ್ಟರ್ ಎಲ್ಲಿ ಅಂತ ಕೇಳುವವರಿಗೆ: ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಉಂಟು. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ಇದೆ, ನಿಮ್ಮ ತಾಲೂಕಿನಲ್ಲಿ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯರ ಹತ್ತಿರ ಕೇಳಿ. ಮನೆಯಿಂದ ಹೊರಗೆ ಹೋಗಲು ಆಗದವರು 14416ಕ್ಕೆ ಫೋನ್ ಮಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರುಮಾಡಿದ 'ಟೆಲಿ ಮಾನಸ್', ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ. ಕನ್ನಡದಲ್ಲಿ ಮಾತಾಡುತ್ತಾರೆ. ಬ್ಯಾರಿ ಬಿಟ್ಟರೆ ಬೇರೆ ಭಾಷೆ ನಾಲಿಗೆಗೆ ಬಾರದ ನಮ್ಮ ಹಿರಿಯ ಉಮ್ಮಂದಿರಿಗೆ ಕನ್ನಡಕ್ಕಿಂತ ಮಲಯಾಳಂ ಹತ್ತಿರವಾದೀತು, ಅದನ್ನೂ ಕೇಳಿ ಪಡೆಯಬಹುದು.